ಹೊಸ್ತಿಲ ಮೇಲಿನ ಮೂರು ಪಾಯಿಂಟ್ ಎರಡು

ಕಣವಿಹಾಳದಲ್ಲಿ ಬೆಳಿಗ್ಗೆ ಎದ್ದವರು ಮೊದಲು ಹೊಸ್ತಿಲು ತೊಳೆಯುತ್ತಾರೆ, ಆಮೇಲೆ ರಂಗೋಲಿ ಎಳೆಯುತ್ತಾರೆ, ಅದಾದ ಮೇಲೆ ರಂಗೋಲಿಯ ಪಕ್ಕ ಒಂದು ಅಂಕಿ ಬರೆಯುತ್ತಾರೆ. ಎದೆಯಲ್ಲಿ ಬಿಲ್ಲೆ ಇರುವವರ ಮನೆಗಳಲ್ಲೆಲ್ಲ ಇದು ವಾಡಿಕೆ; ಈ ಊರಲ್ಲಿ ಬಿಲ್ಲೆಯಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಅಂಕಿ ಮೂರರ ಮೇಲಿದ್ದರೆ ಆ ದಿನ ನಿಶ್ಚಿಂತೆ. ಮೂರಕ್ಕಿಂತ ಕೆಳಗಿಳಿದರೆ ಮನೆಯವರು ಒಲೆಯ ಮೇಲಿನ ಚಹಾ ಮರೆತು ಕಂಬದ ಕಡೆ ನೋಡುತ್ತ ನಿಲ್ಲುತ್ತಾರೆ. ಅಂಕಿಯೇ ಇಲ್ಲದ ಹೊಸ್ತಿಲಿಗೆ ಒಂದೇ ಅರ್ಥ: ಆ ಮನೆಯಲ್ಲಿ ಬಿಲ್ಲೆ ನಿಂತಿದೆ. ಯಾರೂ ಬಂದು ಸುದ್ದಿ ಹೇಳಬೇಕಾಗಿಲ್ಲ. ಓಣಿಯ ಹೆಂಗಸರು ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಆ ಮನೆಯ ಕಟ್ಟೆಯ ಮೇಲೆ ಕೂಡುತ್ತಾರೆ, ಅಲ್ಲಿ ಅಂದು ಒಲೆ ಹೊತ್ತುವುದಿಲ್ಲವೆಂದು ಅವರಿಗೆ ಗೊತ್ತು.

ಈ ಅಂಕಿಯನ್ನು ಊರಿಗೆ ಕಲಿಸಿದವಳು ನಾನು.

ನನ್ನ ಹೆಸರು ದಾಕ್ಷಾಯಣಿ. ಕಂಬದ ಕೇಂದ್ರದಲ್ಲಿ ತಂತ್ರಜ್ಞೆಯ ಕೆಲಸ. ಊರವರ ಬಾಯಲ್ಲಿ ನಾನು ಮೀಟರ್ ಅಕ್ಕೋರು.

ಏಳು ವರ್ಷದ ಹಿಂದೆ ಬಂದ ಜ್ವರ ಮೂರೇ ದಿನ ಇರುತ್ತಿತ್ತು. ಸತ್ತವರು ಸತ್ತರು, ಬದುಕಿದವರ ಹೃದಯದಲ್ಲಿ ಮಿಡಿತಕ್ಕೆ ತಾಳ ಹಾಕುವ ಚೂರು ಜಾಗವೊಂದನ್ನು ಅದು ಸುಟ್ಟು ಹೋಗುತ್ತಿತ್ತು. ನನ್ನ ಗಂಡನನ್ನು ಒಯ್ದಿತು. ಎರಡು ವರ್ಷದ ಮಗಳು ಪಾರಿಜಾತಳನ್ನು ಅರ್ಧ ಬಿಟ್ಟಿತು. ಅಂಥ ಹೃದಯಗಳಿಗೆ ತಾಳ ಹಾಕುವ ಯಂತ್ರ ಹಿಂದಿನಿಂದಲೂ ಇತ್ತು, ಆದರೆ ಅದರ ಬ್ಯಾಟರಿಗೆ ಬೇಕಾದ ಲೋಹ ಅಷ್ಟೊತ್ತಿಗೆ ಜಗತ್ತಿನಲ್ಲೇ ತೀರುತ್ತ ಬಂದಿತ್ತು. ಆಗ ಬಂದದ್ದು ಈ ಬಿಲ್ಲೆ. ಕೊರಳಿನ ಎಲುಬಿನ ಕೆಳಗೆ, ಚರ್ಮದಡಿಯಲ್ಲಿ ಕೂಡುವ, ಎಂಟಾಣೆಯಷ್ಟಗಲದ ತಾಮ್ರದ ಸುರುಳಿ. ಬ್ಯಾಟರಿಯ ಗೊಡವೆ ಇಲ್ಲ. ಕಂಬದಿಂದ ಬರುವ ರೇಡಿಯೋ ತರಂಗವನ್ನೇ ಕುಡಿದು ಹೃದಯವನ್ನು ಒಂದೊಂದು ಸಲವೂ ತಿವಿದು ಎಬ್ಬಿಸುತ್ತದೆ. ಗದಗ ಸೀಮೆಯ ಎರೆ ಬಯಲಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೆಯ ರೇಡಿಯೋ ಕಂಬವೊಂದಕ್ಕೆ ಮತ್ತೆ ಜೀವ ಕೊಟ್ಟರು. ಅದರ ಸುತ್ತ ನಾಲ್ಕು ಕಿಲೋಮೀಟರ್ ಒಳಗಿದ್ದವರು ಬದುಕುತ್ತಾರೆ. ಆಚೆ ಹೋದವರು ಸಂಜೆಯನ್ನು ನೋಡುವುದಿಲ್ಲ. ಹಾಗೆ ಹುಟ್ಟಿದ ಊರು ಇದು. ಮೊದಲು ಬಂದವರು ಕಂಬದ ಬುಡದ ಒಳಸುತ್ತಿನಲ್ಲಿ ನೆಲೆಯಾದರು, ನಮ್ಮಂತೆ ತಡವಾಗಿ ಬಂದವರು ಹೊರಸುತ್ತಿನಲ್ಲಿ. ಯಾರದಾದರೂ ಬಿಲ್ಲೆ ನಿಂತರೆ ಕೇಂದ್ರದ ಬಿಳಿ ಗಾಡಿ ಬಂದು ಅವರನ್ನು ಒಯ್ಯುತ್ತದೆ. ಬಿಲ್ಲೆ ತೆಗೆದು ಕಾಯುತ್ತಿರುವ ಇನ್ನೊಬ್ಬರಿಗೆ ಹಾಕುತ್ತಾರೆ, ಮಣ್ಣು ಕೇಂದ್ರದ ಹಿಂದಿನ ಹೊಲದಲ್ಲೇ ಆಗುತ್ತದೆ. ಮೊದಮೊದಲು ಇದಕ್ಕೆ ಜಗಳವಾಗುತ್ತಿತ್ತು. ಈಗ ಯಾರೂ ಗಾಡಿಯ ಹಿಂದೆ ಹೋಗುವುದಿಲ್ಲ.

ಎರಡು ವರ್ಷದ ಹಿಂದೆ ಕಂಬ ಸೋಲುತ್ತಿದೆಯೆಂದು ಯಾರೋ ಸುದ್ದಿ ಹಬ್ಬಿಸಿದರು. ಹೊರಸುತ್ತಿನ ಜನ ಮಕ್ಕಳನ್ನು ಎತ್ತಿಕೊಂಡು ಒಳಕ್ಕೆ ಓಡಿದರು. ಕೇಂದ್ರದ ಗೇಟಿನ ಹತ್ತಿರ ನೂಕುನುಗ್ಗಲಾಗಿ ಏಳು ಜನ ಸತ್ತರು. ಕಂಬಕ್ಕೆ ಏನೂ ಆಗಿರಲಿಲ್ಲ. ಆಗ ನಮ್ಮ ಮುಖ್ಯ ಎಂಜಿನಿಯರ್ ಇನಾಮದಾರ ಸಾಹೇಬರು ನನ್ನನ್ನು ಕರೆದು, "ದಾಕ್ಷಾಯಣಿ ಅವರ, ಮಂದಿ ತಮ್ಮ ಕಣ್ಣಲೆ ತಾವ ನೋಡೂವಂಥಾದ್ದು ಏನರ ಮಾಡ್ರಿ. ನಮ್ಮ ಬಾಯಿಮಾತು ಇನ್ನ ನಡಿಯೂದಿಲ್ಲ" ಎಂದರು.

ಸಾದಾ ವೋಲ್ಟ್‌ಮೀಟರಿಗೆ ರೇಡಿಯೋ ತರಂಗ ಕಾಣುವುದಿಲ್ಲ. ಸೆಕೆಂಡಿಗೆ ಎರಡೂ ಮುಕ್ಕಾಲು ಕೋಟಿ ಸಲ ಹಿಂದಕ್ಕೂ ಮುಂದಕ್ಕೂ ಹೊಯ್ದಾಡುವ ಒತ್ತಡದ ಬೆನ್ನು ಹತ್ತಲಾರದೆ ಅದರ ಮುಳ್ಳು ಸೊನ್ನೆಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅದರ ಮುಂದೆ ಒಂದು ಸಣ್ಣ ಪ್ರೋಬ್ ಕಟ್ಟಬೇಕು. ಹಳೆಯ ರೇಡಿಯೋದಿಂದ ಕಿತ್ತ ಡಯೋಡ್ ಒಂದು. ಅದು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಹೊಯ್ದಾಟದಲ್ಲಿ ಮುಂದೆ ಬಂದದ್ದನ್ನು ಒಳಗೆ ಬಿಡುತ್ತದೆ, ಹಿಂದೆ ಹೋಗುವುದನ್ನು ತಡೆಯುತ್ತದೆ. ಒಳಗೆ ಬಂದದ್ದನ್ನು ಹಿಡಿದಿಡಲು ಒಂದು ಕೆಪಾಸಿಟರ್. ಮುಳ್ಳಿಗೆ ತಾಳುವಷ್ಟೇ ಹರಿಸಲು ಒಂದು ರೆಸಿಸ್ಟರ್. ತುದಿಗೆ ಬಳೆಯಷ್ಟು ತಂತಿ. ಇಷ್ಟನ್ನೂ ಖಾಲಿ ಬಾಲ್‌ಪೆನ್ನಿನ ಕೊಳವೆಯಲ್ಲಿ ತುಂಬಿ ಬೆಸೆದರೆ, ಮೂಲೆಗೆ ಬಿದ್ದ ಯಾವ ಮೀಟರ್ ಬೇಕಾದರೂ ಕಂಬದ ಬಲವನ್ನು ಅಂಕಿಯಲ್ಲಿ ಹೇಳುತ್ತದೆ. ಶಾಲೆಯ ಅಂಗಳದಲ್ಲಿ ಐವತ್ತೈವತ್ತು ಹೆಂಗಸರನ್ನು ಕೂಡಿಸಿಕೊಂಡು ಇದನ್ನು ಮಾಡುವುದು ಕಲಿಸಿದೆ. ಬೆಸುಗೆಯ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಲೇ ಕಲಿತರು.

"ಒಳಗ ಏನಾಗ್ತದ ಅಂತ ಒಂದೀಟ ತಿಳಿಹಂಗ ಹೇಳ್ರಿ ಅಕ್ಕೋರ," ಎಂದಿದ್ದಳು ನಮ್ಮ ಪಕ್ಕದ ಮನೆಯ ಗುರುಬಸವ್ವ.

"ಹಳ್ಳ ಬಂದು ಹೋದ ಮ್ಯಾಲೆ ಸೇತುವಿ ಗ್ವಾಡಿಗೆ ನೀರಿನ ಗೆರಿ ಉಳಿದಿರ್ತದಲ್ಲ, ಹಂಗ. ನೀರು ಎಲ್ಲೀತನ ಏರಿತ್ತು ಅನ್ನೂದನ್ನ ಇದು ಹಿಡಕೊಂಡು ತೋರಸ್ತದ."

"ಅಷ್ಟ ಹೌದಲ್ಲ!" ಎಂದಳು ಗುರುಬಸವ್ವ. "ಇದಕ್ಯಾಕ ಇಷ್ಟು ಓದಬೇಕು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀರು ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಆ ಗೆರೆ ಹೇಳುವುದಿಲ್ಲವಲ್ಲ ಎಂದು ಅಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ನಮ್ಮ ಹೊಸ್ತಿಲ ಅಂಕಿ ಪಾರಿಯ ಕೆಲಸ. ಗುರುಬಸವ್ವನ ಮಗ ಶಿವಪುತ್ರ, ಓಣಿಯವರ ಬಾಯಲ್ಲಿ ಪುತ್ತ್ಯಾ, ಅವಳಿಗಿಂತ ಎರಡು ವರ್ಷ ದೊಡ್ಡವನು. ಅವನಿಗೂ ಬಿಲ್ಲೆ ಇದೆ. ಇಬ್ಬರಿಗೂ ದಿನಾ ಬೆಳಿಗ್ಗೆ ಪೈಪೋಟಿ.

"ನಮ್ದು ಮೂರು ಪಾಯಿಂಟ್ ಎರಡು!" ಎಂದು ಪಾರಿ ಕೂಗುವಳು.

"ನಮ್ದೂ ಅಷ್ಟ."

"ಸುಳ್ಳ. ನೀ ಮುಳ್ಳನ್ನ ಓರೆಗಣ್ಣಲೆ ನೋಡ್ತಿ. ನಿಂದು ಮೂರು ಪಾಯಿಂಟ್ ಒಂದು."

"ಯವ್ವಾ, ಇಕೀಗೆ ಹೇಳ! ಅಕ್ಕೋರ ಮಗಳಂತ ಭಾಳ ಜಂಬ."

"ಒಂದು ಪಾಯಿಂಟಿಗೆ ಹೊಡದಾಡ್ತೀರಲ್ಲೋ," ಎಂದು ಗುರುಬಸವ್ವ ಒಳಗಿನಿಂದ ಗದರುವಳು. "ನಿಮ್ಮ ಎದಿ ಡಬಡಬ ಅಂದ್ರ ಸಾಕ ನಮಗ."

ಈ ಬೇಸಿಗೆಯಲ್ಲಿ ಹೊರಸುತ್ತಿನ ಅಂಚಿನ ಓಣಿಯಲ್ಲಿ ಹದಿನೈದು ದಿನದೊಳಗೆ ಆರು ಹೊಸ್ತಿಲು ಖಾಲಿಯಾದವು. ಆರೂ ಮನೆಯವರು ಹಿಂದಿನ ದಿನ ಬರೆದ ಅಂಕಿ ಮೂರರ ಮೇಲಿತ್ತು. ಕಂಬ ಸೋತಿದ್ದರೆ ಅಂಕಿ ಬೀಳಬೇಕು, ಬಿದ್ದಿರಲಿಲ್ಲ. ಬಿಸಿಲಿನ ಝಳ ಎಂದರು ದವಾಖಾನೆಯವರು. ಜನ ನಂಬಲಿಲ್ಲ. ಶಾಲೆಯ ಅಂಗಳದಲ್ಲಿ ಸಾವಿರ ಮಂದಿ ಸೇರಿ, ಮತ್ತೆ ಗೇಟಿಗೆ ಹೋಗುವ ಮಾತು ಎದ್ದಿತು. ನಾನು ಓಡಿ ಹೋಗಿ ಮೇಜಿನ ಮೇಲೆ ಹತ್ತಿದೆ. ಅಂಚಿನ ಓಣಿಯ ಹೆಂಗಸೊಬ್ಬಳ ಪ್ರೋಬನ್ನೇ ಇಸಿದುಕೊಂಡು ಎಲ್ಲರೆದುರು ಎತ್ತಿ ಹಿಡಿದೆ. ಮುಳ್ಳು ಎದ್ದು ಮೂರು ದಾಟಿ ನಿಂತಿತು.

"ನಾ ಕಟ್ಟಿದ್ದಲ್ಲ ಇದು, ನೀವ ಕಟ್ಟಿದ್ದು," ಎಂದೆ. "ನಾ ಸುಳ್ಳು ಹೇಳಬಹುದು, ಕೇಂದ್ರದವರು ಸುಳ್ಳು ಹೇಳಬಹುದು. ಮುಳ್ಳು ಹೇಳೂದಿಲ್ಲ. ನನ್ನ ಮಗಳೂ ಹೊರಸುತ್ತಿನ್ಯಾಗ ಇದ್ದಾಳ. ಆಕೀ ಮ್ಯಾಲೆ ಆಣಿ ಮಾಡ್ತೀನಿ."

ಜನ ಚದುರಿದರು. ಒಬ್ಬ ಮುದುಕಿ ನನ್ನ ಗಲ್ಲ ಸವರಿ ನೆಟಿಕೆ ಮುರಿದಳು.

ಮರುದಿನ ಮಧ್ಯಾಹ್ನ ಮೌಲಾಸಾಬ ನದಾಫ ತಮ್ಮ ಅಂಗಡಿಗೆ ಕರೆಸಿದರು. ರೇಡಿಯೋ ರಿಪೇರಿಯ ಹಳೆಯ ಕೈ. ಊರಿನ ಪ್ರೋಬುಗಳಿಗೆ ಬೇಕಾದ ಡಯೋಡುಗಳೆಲ್ಲ ಇವರ ಡಬ್ಬಿಗಳಿಂದಲೇ ಬಂದವು. ಎಪ್ಪತ್ತು ದಾಟಿದ ಎದೆಯಲ್ಲಿ ಅವರಿಗೂ ಒಂದು ಬಿಲ್ಲೆ ಇತ್ತು. ನಾನು ಹೋದಾಗ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೊದಲಾದರೆ ಎದ್ದು ಚಹಾ ತರಿಸುತ್ತಿದ್ದರು.

"ಬಾ ತಂಗಿ. ನಿನ್ನಿ ಭಾಳ ಚೆಂದ ಮಾತಾಡಿದಿ."

"ಚಾಷ್ಟಿ ಮಾಡಬ್ಯಾಡ್ರಿ ಕಾಕಾ."

"ಚಾಷ್ಟಿ ಅಲ್ಲ. ಇದನ್ನ ಕಿವಿಗೆ ಹಾಕ್ಕೊ."

ಪ್ರೋಬಿನಿಂದ ಮೀಟರನ್ನು ಬಿಚ್ಚಿ ಆ ಜಾಗಕ್ಕೆ ಹಳೆಯ ಇಯರ್‌ಫೋನ್ ಒಂದನ್ನು ಸಿಗಿಸಿದ್ದರು. ರೇಡಿಯೋ ರಿಪೇರಿಯವರ ಹಳೇ ಚಟ ಅದು. ಅವರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ. ಕಂಬದಿಂದ ಬರುವುದು ಮಾತಿಲ್ಲದ, ಹಾಡಿಲ್ಲದ ಒಂದೇ ಸಮನೆಯ ತರಂಗ. ಅದನ್ನು ಕಿವಿಗೆ ಹಾಕಿಕೊಂಡರೆ ಏನೂ ಕೇಳಬಾರದು.

ಕೇಳಿಸಿತು. ಸಣ್ಣಗೆ, ಬಿಡದೆ, ಜೀರುಂಡೆ ಕೂಗಿದ ಹಾಗೆ.

ಇಯರ್‌ಫೋನ್ ತೆಗೆದು ಮತ್ತೆ ಮೀಟರ್ ಸಿಗಿಸಿದೆ. ಮೂರು ಪಾಯಿಂಟ್ ಎರಡು. ಮತ್ತೆ ಇಯರ್‌ಫೋನ್. ಜೀರ್ ಎಂಬ ಅದೇ ಸದ್ದು.

"ತುಂಡು ತುಂಡು ಮಾಡಿ ಬಿಡಾಕತ್ತಾರ," ಎಂದರು ಮೌಲಾಕಾಕಾ. "ಹೌದಿಲ್ಲೋ?"

ಹೌದು. ತರಂಗವನ್ನು ಸೆಕೆಂಡಿಗೆ ನೂರು ಸಲ ಕಡಿದು ಬಿಡುತ್ತಿದ್ದರು. ಬಂದಾಗ ಪೂರ್ತಿ ಎತ್ತರಕ್ಕೆ ಬರುತ್ತದೆ, ಮರುಕ್ಷಣ ಇಲ್ಲ. ಕೆಪಾಸಿಟರ್ ಆ ಎತ್ತರವನ್ನು ಹಿಡಿದಿಟ್ಟುಕೊಂಡು, ಇಲ್ಲದ ಹೊತ್ತಿನಲ್ಲೂ ಮುಳ್ಳನ್ನು ಅಲ್ಲೇ ನಿಲ್ಲಿಸುತ್ತದೆ. ಸೇತುವೆ ಗೋಡೆಯ ಗೆರೆ ಮೂರು ಪಾಯಿಂಟ್ ಎರಡರಲ್ಲೇ ಇತ್ತು, ಹಳ್ಳದಲ್ಲಿ ಮಾತ್ರ ನೀರು ಮುಕ್ಕಾಲು ಹೊತ್ತು ಹರಿಯುತ್ತಿರಲಿಲ್ಲ. ಬಿಲ್ಲೆಗೆ ಬೇಕಾದದ್ದು ಗೆರೆಯಲ್ಲ, ನೀರು.

"ಎಂದಿನಿಂದ ಕೇಳಾಕತ್ತೈತ್ರಿ ಇದು?"

"ಮೂರು ವಾರ ಆತು. ಮೊದಲು ನನ್ನ ಕಿವೀನ ಕೆಟ್ಟೈತಿ ಅಂದ್ಕೊಂಡೆ." ಅವರು ನಗಲು ಹೋಗಿ ಕೆಮ್ಮಿದರು. "ಆಮ್ಯಾಲೆ ಮೆಟ್ಟಲ ಹತ್ತೂವಾಗ ಎದಿ ನಡುನಡುವ ಒಂದೊಂದ ಬಿಡಾಕತ್ತು. ಆವಾಗ ತಿಳೀತು, ಕಿವಿ ಖರೇನ ಹೇಳಾಕತ್ತೈತಿ ಅಂತ."

"ಯಾರಿಗರ ಹೇಳೀರೇನ್ರಿ?"

"ಯಾರಿಗಂತ ಹೇಳ್ಲಿ? ನಿನ್ನಿ ಸಾವಿರ ಮಂದಿ ಮುಂದ ಮಗಳ ಮ್ಯಾಲೆ ಆಣಿ ಮಾಡಿದಾಕಿ ನೀನು. ಮೊದಲ ನಿನಗ ಹೇಳಬೇಕನಸ್ತು."

ಕಂಬದ ತರಂಗ ಹುಟ್ಟುವುದು ವಾಲ್ವ್ ಎಂಬ ದೊಡ್ಡ ಗಾಜಿನ ಬುರುಡೆಗಳಲ್ಲಿ; ಒಂದು ತಿಂಗಳಿಂದ ಆ ವಾಲ್ವ್ ಕೋಣೆಯ ಬೀಗದ ಕೈ ಸಾಹೇಬರ ಹತ್ತಿರವೇ ಇತ್ತು. ಧೂಳು ಹೋಗಬಾರದು ಎಂದಿದ್ದರು. ನನ್ನ ಕೆಲಸ ಹೊರಗೆ, ಕಂಬದ ತಂತಿಗಳ ಜೊತೆ; ನಾನೂ ಕೇಳಿರಲಿಲ್ಲ. ಅಂದು ನೇರ ಹೋಗಿ ಬಾಗಿಲು ಬಡಿದೆ. ಸಾಹೇಬರೇ ತೆಗೆದರು. ಗಡ್ಡ ಬೆಳೆದಿತ್ತು. ಒಳಗೆ ಆಳೆತ್ತರದ ಕಪಾಟಿನಲ್ಲಿ ನಾಲ್ಕು ವಾಲ್ವುಗಳ ಜಾಗದಲ್ಲಿ ಮೂರು ಕಪ್ಪಾಗಿ ನಿಂತಿದ್ದವು. ಒಂದು ಮಾತ್ರ, ಕೊಡದಷ್ಟು ದೊಡ್ಡ ಗಾಜಿನ ವಾಲ್ವ್, ಕೆಂಪಗೆ ಉರಿಯುತ್ತ ಕಣ್ಣು ಪಿಳುಕಿಸಿದಂತೆ ನಡುಗುತ್ತಿತ್ತು.

"ಕೂಡ್ರಿ," ಎಂದರು. "ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಕಿವಿಗೆ ಕೇಳಿಸ್ತು."

"ಮೌಲಾಸಾಬ." ಅವರು ತಲೆ ಅಲ್ಲಾಡಿಸಿದರು. "ಅಂವ ಒಬ್ಬಾಂವ ಹಿಡೀತಾನ ಅಂತ ಗೊತ್ತಿತ್ತು."

ನಾನು ಕೂಗಾಡಬೇಕೆಂದು ಬಂದಿದ್ದೆ. ಆ ಒಂಟಿ ವಾಲ್ವನ್ನು ನೋಡಿ, ಅವರು ತೋರಿಸಿದ ಕುರ್ಚಿಯಲ್ಲಿ ಕೂತೆ.

"ಪೂರಾ ಬಿಟ್ರ ಇದು ಹನ್ನೊಂದು ದಿನ ಬಾಳ್ತದ," ಎಂದರು ಸಾಹೇಬರು. "ಆಮ್ಯಾಲೆ ನಾಲ್ಕು ಸಾವಿರ ಮಂದಿ, ಒಂದ ತಾಸಿನ್ಯಾಗ. ಹಿಂಗ ಕಡಿದು ಬಿಟ್ರ ನಲವತ್ತು ದಿನ. ನಲವತ್ತೈದು ಅನ್ರಿ. ಹೊಸಾ ವಾಲ್ವ್ ಹಡಗದಾಗ ಅದ ಅಂತಾರ. ಮೂರು ಸಲ ಅಂದಾರ."

"ಬಲಾನ ತಗ್ಗಿಸಬಹುದಿತ್ತಲ್ರಿ."

"ತಗ್ಗಿಸಿದ್ರ ಹೊರಸುತ್ತಿನ ಬಿಲ್ಲಿ ಹತ್ತೂದ ಇಲ್ಲ. ನಿಮಗ ನಾ ಹೇಳಬೇಕೇನು? ಹಿಂಗಾದ್ರ ಹನಿ ಹನಿ ಆದರೂ ಸಿಗ್ತದ. ತಮ್ಮದ ಅರ್ಧ ತಾಳ ಉಳಿಸಿಕೊಂಡಾವ್ರು ಬದಕ್ತಾರ. ಒಳಸುತ್ತಿನವರಿಗೆ ಹೆಂಗಿದ್ರೂ ಹೆಚ್ಚ ಸಿಗ್ತದ, ಏನೂ ಆಗೂದಿಲ್ಲ. ಮತ್ತ ತಗ್ಗಿಸಿದ್ರ ಮುಳ್ಳೂ ಬೀಳ್ತಿತ್ತು. ಗೇಟಿನ ಹತ್ರ ಈ ಸಲ ಏಳು ಮಂದಿಗೆ ಮುಗೀತಿತ್ತೇನು? ವಾಲ್ವ್ ತನಕಾ ಬರ್ತಿದ್ರು."

"ಹೊರಸುತ್ತಿನ್ಯಾಗ ಎಷ್ಟು ಮಂದಿ ಹೋಗ್ತಾರ್ರಿ?"

"ಮುನ್ನೂರು. ನಾನೂರೂ ಆಗಬಹುದು. ಅಂಚಿನವರು ಮೊದಲು. ಆಮ್ಯಾಲೆ ಒಳಕ್ಕ ಬರ್ಕೋತ ಬರ್ತದ."

"ನನ್ನ ಮಗಳ ಹೃದಯದಾಗ ಸ್ವಂತದ ತಾಳ ಒಂದೂ ಇಲ್ಲ. ನಿಮಗ ಗೊತ್ತೈತಿ."

ಅವರು ಮೇಜಿನ ಮೇಲಿನ ಬೀಗದ ಕೈಗಳನ್ನೇ ನೋಡುತ್ತಿದ್ದರು. "ನನ್ನ ತಮ್ಮನ ಮನಿ ಅಂಚಿನ ಓಣ್ಯಾಗ ಅದ," ಎಂದರು. "ಹೋದ ಮಂಗಳವಾರ ಅವರು ಅಂಕಿ ಬರೀಲಿಲ್ಲ."

ಸಾಹೇಬರು ಒಂದು ಬೀಗದ ಕೈ ಬಿಡಿಸಿ ನನ್ನ ಕಡೆ ನೂಕಿದರು. "ಈ ಖೋಲಿ ಹಿಂದ ಸಾಮಾನಿಡೂ ಜಾಗಾ ಅದ. ಕಂಬದ ಬುಡ, ಅಲ್ಲಿ ಈ ತುಂಡು ತರಂಗಾನೂ ಸಾಕಾಗಿ ಉಳೀತದ. ಒಂದ ಮಂಚ ಹಿಡಸ್ತದ. ಒಂದ. ನಾಳೆ ಬೆಳಗ ಹರಿಯೂ ಹೊತ್ತಿಗೆ ಗಾಡಿ ಕಳಸ್ತೀನಿ. ಕೂಸಿನ್ನ ಸುತ್ತಿಕೊಂಡು ಬರ್ರಿ. ಕೂಸು ಹೊರಗ ಕಾಣಬಾರದು, ದನಿ ಕೇಳಬಾರದು. ಒಬ್ಬರು ನೋಡಿದ್ರ ಊರಿಗೆ ಊರ ನೋಡಿದಂಗ."

ಮನೆಗೆ ಹೋದಾಗ ಪಾರಿ ಕಟ್ಟೆಯ ಮೇಲೆ ಕೂತಿದ್ದಳು. ಕುಂಟಾಬಿಲ್ಲೆಯ ಗೆರೆಗಳು ಅಂಗಳದಲ್ಲಿ ಅರ್ಧ ಎಳೆದಲ್ಲೇ ನಿಂತಿದ್ದವು.

"ಯಾಕ, ಆಡಲಿಲ್ಲೇನು?"

"ಪುತ್ತ್ಯಾಗ ಸುಸ್ತಾತಂತ. ನನಗೂ ಆತು. ಅವ್ವಾ, ಬಿಸಲಿಗೆ ಎದಿ ನಿದ್ದಿ ಮಾಡ್ತದೇನು?"

ನಾನು ಅವಳ ತುಟಿ ನೋಡಿದೆ. ನೇರಳೆಹಣ್ಣು ತಿಂದವಳ ಹಾಗೆ ಇದ್ದವು. ಎಷ್ಟು ದಿನದಿಂದ ಹಾಗಿದ್ದವೋ. ದಿನಾ ಬೆಳಿಗ್ಗೆ ನಾನು ಹೊಸ್ತಿಲು ನೋಡುತ್ತಿದ್ದೆ, ಅಂಕಿ ನೋಡುತ್ತಿದ್ದೆ, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಓಡುತ್ತಿದ್ದೆ.

ಪಕ್ಕದ ಮನೆಯಲ್ಲಿ ಗುರುಬಸವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವಳೊಬ್ಬಳಿಗೆ ಹೇಳಬಹುದಿತ್ತು. ಆದರೆ ಅವಳ ತಂಗಿ ಅಂಚಿನ ಓಣಿಯಲ್ಲಿದ್ದಾಳೆ, ಇಬ್ಬರು ಮಕ್ಕಳ ತಾಯಿ. ತಂಗಿಗೆ ಹೇಳದೆ ಇರುವ ಅಕ್ಕ ಯಾವಳು? ಆ ತಂಗಿಗೆ ಓರಗಿತ್ತಿಯರಿದ್ದಾರೆ. ಹೇಳಿದರೂ ಗುರುಬಸವ್ವ ಮಾಡುವುದೇನು? ಮಗನನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತಾಳೆ? ಒಳಸುತ್ತಿನ ಮನೆಗಳಲ್ಲಿ ಒಂದೊಂದು ಖೋಲಿಗೆ ಹತ್ತು ಜನ ಮಲಗುತ್ತಾರೆ. ಇರುವ ಮಂಚ ಒಂದು. ಹೀಗೆಲ್ಲ ಲೆಕ್ಕ ಹಾಕಿಕೊಂಡೆ. ಎಲ್ಲ ಲೆಕ್ಕವೂ ಸರಿಯಾಗಿಯೇ ಇತ್ತು.

ಬೆಳಕು ಹರಿಯುವಾಗ ಗಾಡಿ ಬಂತು. ಪಾರಿಯನ್ನು ಅಡಿಯಿಂದ ಮುಡಿಯವರೆಗೆ ಕೌದಿಯಲ್ಲಿ ಸುತ್ತಿ, "ಮಾತಾಡಬ್ಯಾಡ, ಅಲ್ಲಾಡಬ್ಯಾಡ, ಒಂದ ಆಟ ಆಡೋಣು" ಎಂದೆ.

"ಪುತ್ತ್ಯಾ?"

"ಅಂವ ಆಮ್ಯಾಲೆ ಬರ್ತಾನ."

ಅವಳು ಒಳ್ಳೆಯ ಹುಡುಗಿ. ಅಲ್ಲಾಡಲಿಲ್ಲ.

ಮಂಚದ ಮೇಲೆ ಮಲಗಿಸಿದ ಅರ್ಧ ತಾಸಿಗೆ ತುಟಿಗೆ ಕೆಂಪು ಬಂತು. ಹಸಿವೆ ಎಂದಳು. ಸಾಮಾನಿನ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಬಲ್ಬು, ತಂತಿಯ ಸುರುಳಿಗಳು, ಗೋಡೆಯಾಚೆ ಗುಂಯ್‌ಗುಡುವ ವಾಲ್ವ್. "ಇಲ್ಲಿ ಅಂಕಿ ಎಷ್ಟವ್ವಾ?" ಎಂದು ಕೇಳಿದಳು. ಅವಳ ಪ್ರೋಬು ಮನೆಯಲ್ಲೇ ಉಳಿದಿತ್ತು. ಅದನ್ನೂ ಎರಡು ಲಂಗ, ಹಾಸಿಗೆ, ಪಾಟಿಯನ್ನೂ ತರುತ್ತೇನೆಂದು ಹೊರಗಿನಿಂದ ಬೀಗ ಹಾಕಿ ಹೊರಟೆ. ಬಿಸಿಲು ಏರಿತ್ತು.

ನಮ್ಮ ಓಣಿಯ ತಿರುವಿಗೆ ಬಂದಾಗಲೇ ಅಳು ಕೇಳಿಸಿತು. ಇನ್ನೊಂದು ಮನೆ ಹೋಯಿತು ಎಂದುಕೊಂಡೆ. ಯಾರದು ಎಂದು ಹೊಸ್ತಿಲುಗಳನ್ನು ನೋಡುತ್ತ ನಡೆದೆ. ಮೂರು ಪಾಯಿಂಟ್ ಮೂರು. ಮೂರು ಪಾಯಿಂಟ್ ಒಂದು. ಮೂರು ಪಾಯಿಂಟ್ ಎರಡು. ಎಲ್ಲ ಮನೆಗೂ ಅಂಕಿ ಇತ್ತು.

ನಮ್ಮ ಮನೆಗೆ ಇರಲಿಲ್ಲ.

ಹೆಂಗಸರು ನಮ್ಮ ಕಟ್ಟೆಯ ತುಂಬ ಕೂತಿದ್ದರು. ನಡುವೆ ರೊಟ್ಟಿಯ ಗಂಟುಗಳಿದ್ದವು. ಬೆಳಿಗ್ಗೆ ಬಿಳಿ ಗಾಡಿ ಬಂದದ್ದನ್ನು, ಕೌದಿ ಸುತ್ತಿ ಒಯ್ದದ್ದನ್ನು ಕಿಟಕಿಗಳಿಂದ ನೋಡಿದ್ದರು. ಬರೆಯದ ಹೊಸ್ತಿಲು ಉಳಿದದ್ದನ್ನು ಹೇಳಿತ್ತು. ಊರಿಗೆ ಅಂಕಿ ಕಲಿಸಿದ ನನಗೆ, ಹೊರಡುವ ಮುಂಚೆ ಒಂದು ಅಂಕಿ ಗೀಚಿ ಹೋಗಬೇಕೆಂಬುದು ಹೊಳೆದಿರಲಿಲ್ಲ.

ಗುರುಬಸವ್ವ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಸೀರೆಯಿಂದ ಹಿಟ್ಟಿನ ವಾಸನೆ ಬರುತ್ತಿತ್ತು. "ನನ್ನನ್ನ ಒಂದ ಮಾತ ಕರೀಲಿಲ್ಲಲ್ಲವ್ವಾ," ಎಂದಳು. "ಒಬ್ಬಾಕೀನ ಒಯ್ದ್ಯಲ್ಲ. ಒಬ್ಬಾಕೀನ ಹೆಂಗ ಎತ್ತಿದಿ?"

ಇಲ್ಲ, ಪಾರಿ ಇದ್ದಾಳೆ, ಈಗಷ್ಟೇ ಹಸಿವೆ ಎಂದಳು. ನಾಲಿಗೆಯ ತುದಿಗೆ ಬಂದಿತ್ತು. ಇದ್ದಾಳೆ ಎಂದರೆ ಎಲ್ಲಿ ಎನ್ನುತ್ತಾರೆ. ಎಲ್ಲಿ ಎಂದರೆ ಏಕೆ ಎನ್ನುತ್ತಾರೆ.

ಹಿಂದೆ, ಬೇವಿನ ನೆರಳಿನಲ್ಲಿ, ಗಂಡಸರ ನಡುವೆ ಮೌಲಾಕಾಕಾ ಒಬ್ಬರ ಹೆಗಲು ಹಿಡಿದು ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ರಿಪೇರಿಗೆ ಬಂದ ರೇಡಿಯೋ ಬಿಚ್ಚದೆಯೇ ಎಲ್ಲಿ ಕೆಟ್ಟಿದೆಯೆಂದು ಹೇಳುವ ಮನುಷ್ಯ. ಅವರಿಗೆ ತಿಳಿಯಿತು. ಅಷ್ಟು ಮಂದಿಯ ಮೇಲಿಂದ ನನಗೆ ಮಾತ್ರ ಕಾಣುವಂತೆ ಒಮ್ಮೆ ಕಣ್ಣು ಮುಚ್ಚಿ ತೆಗೆದರು. ಆಮೇಲೆ ಗಟ್ಟಿಯಾಗಿ, "ಆಕೀನ ಕುಂಡ್ರಸ್ರೆವಾ. ನೀರ ಕೊಡ್ರಿ. ಏನೂ ಕೇಳಬ್ಯಾಡ್ರಿ ಈಗ" ಎಂದರು.

ನಾನು ಕೂತೆ. ಅಳು ಬಂತು. ಸುಳ್ಳಿನ ಅಳು ಆಗಿರಲಿಲ್ಲ ಅದು. ಸುತ್ತ ಕೂತ ಒಬ್ಬೊಬ್ಬರ ಮುಖ ನೋಡಿದಷ್ಟೂ ಬಂತು. ಅವರು ನನ್ನ ಬದುಕಿರುವ ಮಗಳಿಗಾಗಿ ಅತ್ತರು, ನಾನು ಅವರ ಮಕ್ಕಳಿಗಾಗಿ ಅತ್ತೆ. ಗುರುಬಸವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. ನುಂಗಿದೆ. ಪಾರಿ ಇನ್ನು ಈ ಓಣಿಗೆ ಬರುವಂತಿರಲಿಲ್ಲ. ಆ ಬೀಗ ಹಾಕಿದ ಕೋಣೆಯಲ್ಲಿ ನಲವತ್ತು ದಿನ, ಹಡಗು ಬಾರದಿದ್ದರೆ ಅಷ್ಟೇ ದಿನ.

"ನಿನ್ನಿ ಸುದ್ದಾ ಮೂರು ಪಾಯಿಂಟ್ ಎರಡ ಇತ್ತಲ್ಲವ್ವಾ ನಿಮ್ದು," ಎಂದಳು ಗುರುಬಸವ್ವ, ಕಣ್ಣು ಒರೆಸಿಕೊಂಡು. "ನಮ್ಮ ಪುತ್ತ್ಯಾನೂ ನೋಡ್ಯಾನ. ಅಂಕಿ ಸರಿ ಇತ್ತು. ಹಣೀಬರ ಅನ್ನಬೇಕಷ್ಟ. ಕಂಬದ್ದೇನು ತಪ್ಪಿಲ್ಲ, ನೀನ ಹೇಳಿದ್ಯಲ್ಲ."

ಸುತ್ತಲಿನವರು ಹೌದೆಂದು ತಲೆಯಾಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋದರು. ನಾನು ಒಳಗೆ ಹೋಗಿ ಪಾರಿಯ ಎರಡು ಲಂಗಗಳನ್ನು ಯಾರಿಗೂ ಕಾಣದಂತೆ ಚೀಲದ ತಳಕ್ಕೆ ತುರುಕಿದೆ. ಹಾಸಿಗೆ ಒಯ್ಯುವಂತಿರಲಿಲ್ಲ. ಪಾಟಿಯನ್ನೂ. ಪ್ರೋಬನ್ನು ಕೈಗೆತ್ತಿಕೊಂಡಾಗ ಬಾಗಿಲಲ್ಲಿ ನೆರಳು ಬಿತ್ತು. ಶಿವಪುತ್ರ. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಅತ್ತು ಕಣ್ಣು ಬಾತಿದ್ದವು. ತುಟಿಗಳು ನೇರಳೆ.

"ಅಕ್ಕೋರ," ಎಂದ. "ನಮ್ದು ಇವತ್ತು ಮೂರು ಪಾಯಿಂಟ್ ಮ್ಯಾಲೆ ಎಷ್ಟೋ ಐತ್ರಿ. ಪಾರಿ ಇದ್ರ ಓರೆಗಣ್ಣಲೆ ನೋಡಿದಿ ಅಂತಿದ್ಲು. ನೀವೊಂದು ಸಲ ನೋಡ್ತೀರೇನ್ರಿ?"

ನಾನು ಪಾರಿಯ ಪ್ರೋಬನ್ನು ಹಿಡಿದುಕೊಂಡು ಅವನ ಜೊತೆ ಅವರ ಬಾಗಿಲಿಗೆ ಹೋದೆ. ಹೊಸ್ತಿಲ ಮೇಲೆ ಅವನು ಬರೆದ ಅಂಕಿ ಇತ್ತು. ಪ್ರೋಬನ್ನು ಎತ್ತಿ ಹಿಡಿದೆ. ಮುಳ್ಳು ಎದ್ದಿತು, ಒಮ್ಮೆ ತೂಗಿತು, ನಿಂತಿತು. ನಾನು ನೇರ ಮೇಲಿನಿಂದ, ಓರೆಯಾಗದಂತೆ, ಎರಡು ಸಲ ನೋಡಿದೆ.

"ಸರಿ ಐತೇನ್ರಿ ಅಕ್ಕೋರ?"

"ಸರಿ ಐತಿ," ಎಂದೆ. "ಮೂರು ಪಾಯಿಂಟ್ ಎರಡು."